ಪಾಕೊ ಎಂಬ ನಾಯಿ: ಸ್ಪೇನಿನಲ್ಲಿ ಸಾಕುಪ್ರಾಣಿಗೆ ಮನುಷ್ಯರ ಹೆಸರಿಡುವ ರೂಢಿಯ ಬಗ್ಗೆ

(ಸ್ಪ್ಯಾನಿಷ್ ಕಲಿಯುತ್ತಿರುವ ಕನ್ನಡ ವಿದ್ಯಾರ್ಥಿಗಳ ಎದುರು ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಸ್ಪ್ಯಾನಿಷ್ ಕಲಿಯಲು ಬರುವವರಲ್ಲಿ ಕೆಲವರು ಮನೆಗೆ ನಾಯಿಮರಿ ತಂದಾಗ ಅದಕ್ಕೊಂದು ಸ್ಪ್ಯಾನಿಷ್ ಹೆಸರು ಸೂಚಿಸಿ ಎಂದು ಕೇಳುವುದುಂಟು. ಅದರಲ್ಲೂ ಅಜ್ಜ ಅಜ್ಜಿಯರ ಕಾಲದ, ಮನುಷ್ಯರಿಗೇ ಇಡುವಂಥ ಹೆಸರು ಬೇಕೆನ್ನುತ್ತಾರೆ. ಹೆಸರುಗಳ ಪಟ್ಟಿಯೊಂದನ್ನು ಬರೆದುಕೊಟ್ಟರೆ ಅವರ ಕೆಲಸ ಮುಗಿಯುತ್ತದೆ, ನಿಜ. ಆದರೆ ಸ್ಪೇನಿನಲ್ಲಿ ನಾಯಿಯೊಂದಕ್ಕೆ ಪಾಕೊ ಎಂದೋ ಲೋಲಾ ಎಂದೋ ಹೆಸರಿಟ್ಟಾಗ ಆ ಹೆಸರು ಮಾಡುವ ಕೆಲಸ ಏನು, ಅದೇ ಹೆಸರನ್ನು ಬೇರೆ ಊರಿಗೆ ತಂದಾಗ ಅದರಲ್ಲಿ ಎಷ್ಟು ಉಳಿಯುತ್ತದೆ ಎಂಬುದನ್ನು ಯೋಚಿಸದೆ ಹೆಸರನ್ನಷ್ಟೇ ಎತ್ತಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಇವತ್ತಿನ ಮಾತು ಪೂರ್ತಿ ಅದರ ಬಗ್ಗೆಯೇ.

ಮೊದಲು ಪಾಕೊನ ಕಥೆ ಹೇಳುತ್ತೇನೆ, ಏಕೆಂದರೆ ಮನುಷ್ಯರ ಹೆಸರು ಹೊತ್ತ ಸ್ಪೇನಿನ ನಾಯಿಗಳಲ್ಲಿ ಅವನಷ್ಟು ಹೆಸರಾದ ನಾಯಿ ಇನ್ನೊಂದಿಲ್ಲ. 19ನೇ ಶತಮಾನದ ಕೊನೆಯ ಭಾಗದಲ್ಲಿ ಮ್ಯಾಡ್ರಿಡ್ಡಿನ ಅಲ್ಕಲಾ ಬೀದಿಯಲ್ಲಿ ಫೋರ್ನೋಸ್ ಎಂಬ ಕಾಫಿಗೃಹವಿತ್ತು. ರಾಜಕಾರಣಿಗಳು, ಪತ್ರಕರ್ತರು, ಗೂಳಿಕಾಳಗದವರು, ಹಣವಂತರು ರಾತ್ರಿ ಹೊತ್ತು ಸೇರುವ ಜಾಗ ಅದು. 1879ರ ಅಕ್ಟೋಬರ್ 4ರಂದು ಕಪ್ಪು ಬಣ್ಣದ ಬೀದಿನಾಯಿಯೊಂದು ಅಲ್ಲಿ ಊಟ ಮಾಡುತ್ತಿದ್ದ ಬೊಗರಾಯಾದ ಮಾರ್ಕಿಯ (ಮಾರ್ಕಿ ಎಂದರೆ ದೊಡ್ಡ ಮನೆತನದವರಿಗೆ ಇರುವ ಒಂದು ಬಿರುದು) ಬಳಿ ಹೋಗಿ ನಿಂತಿತು. ಆತ ಅದಕ್ಕೆ ಮಾಂಸ ಹಾಕಿಸಿದ. ಆಮೇಲೆ ಶಾಂಪೇನ್ ತರಿಸಿ ಅದರ ತಲೆಯ ಮೇಲೆ ಹನಿಸಿ, ಜ್ಞಾನಸ್ನಾನ ಮಾಡಿಸಿದ ಹಾಗೆ, ಪಾಕೊ ಎಂದು ಹೆಸರಿಟ್ಟ. ಪಾಕೊ ಎಂಬುದು ಫ್ರಾನ್ಸಿಸ್ಕೊ ಎಂಬ ಹೆಸರಿನ ಮುದ್ದಿನ ರೂಪ. ಅಕ್ಟೋಬರ್ 4 ಅಸಿಸಿಯ ಸಂತ ಫ್ರಾನ್ಸಿಸ್ಸರ ಹಬ್ಬದ ದಿನ. ಆ ದಿನ ಹುಟ್ಟಿದ ಗಂಡುಮಗುವಿಗೆ ಯಾವ ಹೆಸರು ಇಡುತ್ತಿದ್ದರೋ ಅದನ್ನೇ ಆ ದಿನ ಸಿಕ್ಕ ನಾಯಿಗೂ ಇಟ್ಟರು.

ಅಲ್ಲಿಂದ ಮುಂದೆ ಪಾಕೊ ಇಡೀ ಮ್ಯಾಡ್ರಿಡ್ಡಿನ ನಾಯಿಯಾದ. (ಅವನನ್ನು 'ಅದು' ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ, ಆ ಊರಿನವರಿಗೂ ಬಂದಿರಲಿಕ್ಕಿಲ್ಲ.) ಅವನಿಗೆ ಒಡೆಯರೆಂದು ಯಾರೂ ಇರಲಿಲ್ಲ. ರಾತ್ರಿ ಫೋರ್ನೋಸಿನಲ್ಲಿ ಯಾರದಾದರೂ ಮೇಜಿನ ಬಳಿ ಊಟ ಮಾಡಿ, ಊಟ ಹಾಕಿದವರ ಜೊತೆಗೆ ಅವರ ಮನೆಯ ಬಾಗಿಲವರೆಗೆ ನಡೆದು ಹೋಗಿ, ಒಳಗೆ ಕರೆದರೂ ಹೋಗದೆ ಹಿಂತಿರುಗುತ್ತಿದ್ದ. ನಾಟಕಶಾಲೆಗಳಲ್ಲಿ ಅವನಿಗೆ ಪ್ರವೇಶವಿತ್ತು. ಗೂಳಿಕಾಳಗಕ್ಕೆ ಜನರ ಜೊತೆಗೇ ಹೋಗಿ ಜನರ ನಡುವೆಯೇ ಕೂರುತ್ತಿದ್ದ. ಗೂಳಿ ಸತ್ತು ಬಿದ್ದ ಮೇಲೆ ಕಣಕ್ಕಿಳಿದು ಕುಣಿದಾಡಿ ಮತ್ತೆ ತನ್ನ ಜಾಗಕ್ಕೆ ಹೋಗುತ್ತಿದ್ದ. ಪತ್ರಿಕೆಗಳು ಅವನ ಓಡಾಟವನ್ನು ಊರಿನ ಗಣ್ಯರೊಬ್ಬರ ಸುದ್ದಿಯಂತೆ ವರದಿ ಮಾಡುತ್ತಿದ್ದವು. ಹೆಸರಿನ ಹಿಂದೆ 'ಡಾನ್' ಎಂಬ ಗೌರವಪದ ಸೇರಿಸಿ ಬರೆದದ್ದೂ ಉಂಟು.

ಅವನ ಸಾವೂ ಗೂಳಿಕಾಳಗದ ಕಣದಲ್ಲೇ ಬಂತು. 1882ರ ಜೂನ್ ತಿಂಗಳಲ್ಲಿ, ಅರಗೋನ್ ರಸ್ತೆಯ ಹಳೆಯ ಕಣದಲ್ಲಿ, ಎಳೆಯ ಗೂಳಿಗಳ ಕಾಳಗವೊಂದು ನಡೆಯುತ್ತಿದ್ದಾಗ ಹವ್ಯಾಸಿ ಕಾಳಗಗಾರನೊಬ್ಬ ಗೂಳಿಯನ್ನು ಕೊಲ್ಲಲಾಗದೆ ತಡವರಿಸುತ್ತಿದ್ದ. ಪಾಕೊ ಕಣಕ್ಕೆ ಹಾರಿ ಬೊಗಳುತ್ತಾ ಅವನ ಕಾಲಿಗೆ ಅಡ್ಡ ಬಂದ. ಸಿಟ್ಟಿಗೆದ್ದ ಆ ಮನುಷ್ಯ ಕೈಯಲ್ಲಿದ್ದ ಕತ್ತಿಯಿಂದ ನಾಯಿಯನ್ನು ಇರಿದುಬಿಟ್ಟ. ಜನ ಅವನನ್ನು ಅಲ್ಲೇ ಹೊಡೆದು ಹಾಕುವಷ್ಟು ಕೆರಳಿದರು. ಗಾಯದಿಂದ ಪಾಕೊ ಚೇತರಿಸಿಕೊಳ್ಳಲಿಲ್ಲ. ಇರಿದವನ ಕರೆಹೆಸರು ಪೆಪೆ, ಅಂದರೆ ಹೋಸೆ ಎಂಬ ಹೆಸರಿನ ಮುದ್ದಿನ ರೂಪ. ಒಬ್ಬ ಪೆಪೆ ಒಬ್ಬ ಪಾಕೊನನ್ನು ಕೊಂದ ಎಂದು ಓದಿದರೆ ಇಬ್ಬರು ಮನುಷ್ಯರ ನಡುವಿನ ಜಗಳ ಎಂದೇ ತೋರುತ್ತದೆ. ಮ್ಯಾಡ್ರಿಡ್ಡಿನ ಜನರ ಕೋಪವೂ ಬಹುಮಟ್ಟಿಗೆ ಆ ಬಗೆಯದಾಗಿತ್ತು. ಇತ್ತೀಚಿನ ವರ್ಷಗಳಲ್ಲಿ ಆ ನಗರದ ಉವೆರ್ತಾಸ್ ಬೀದಿಯಲ್ಲಿ ಪಾಕೊನ ಪ್ರತಿಮೆಯನ್ನೂ ನಿಲ್ಲಿಸಿದ್ದಾರೆ.

ಒಂದು ಬೀದಿನಾಯಿಗೆ ಇಷ್ಟು ಮನ್ನಣೆ ಸಿಗಲು ಅವನ ಜಾಣತನವೇ ಸಾಕಾಗಿತ್ತು ಎನ್ನಬಹುದು. ಆದರೆ ಅವನ ಹೆಸರಿಗೂ ಅದರಲ್ಲಿ ದೊಡ್ಡ ಪಾಲಿದೆ ಎಂಬುದು ನನ್ನ ನಂಬಿಕೆ. ಇದು ತಿಳಿಯಬೇಕಾದರೆ ಸ್ಪೇನಿನಲ್ಲಿ ಹೆಸರುಗಳು ಎಲ್ಲಿಂದ ಬರುತ್ತಿದ್ದವು ಎಂಬುದನ್ನು ನೋಡಬೇಕು.

ಕ್ಯಾಥೊಲಿಕ್ ಪಂಚಾಂಗದಲ್ಲಿ ವರ್ಷದ ಪ್ರತಿದಿನಕ್ಕೂ ಸಂತರಿದ್ದಾರೆ. ಮಾರ್ಚ್ 19 ಸಂತ ಹೋಸೆಯ ದಿನ, ಮೇ 15 ಮ್ಯಾಡ್ರಿಡ್ಡಿನ ಪಾಲಕ ಸಂತನಾದ ರೈತ ಇಸಿದ್ರೊನ ದಿನ, ಏಪ್ರಿಲ್ 13 ಎರ್ಮೆನೆಹಿಲ್ದೊನ ದಿನ. ಹಳ್ಳಿಗಳಲ್ಲಿ ಮಗು ಹುಟ್ಟಿದ ದಿನದ ಸಂತನ ಹೆಸರನ್ನೇ ಇಡುವುದು ಬಹುಕಾಲ ನಡೆದುಬಂದ ರೂಢಿ. ನಾಲಿಗೆ ಹೊರಳದ ಹೆಸರುಗಳು ಎಷ್ಟೋ ಜನರಿಗೆ ಬಂದದ್ದು ಹಾಗೆಯೇ. ಇದರ ಜೊತೆಗೆ ಮರಿಯಮ್ಮನವರ ನಾನಾ ರೂಪಗಳಿಂದ ಹುಟ್ಟಿದ ಹೆಣ್ಣು ಹೆಸರುಗಳ ದೊಡ್ಡ ಕುಟುಂಬವಿದೆ: ದೊಲೊರೆಸ್, ಪಿಲಾರ್, ರೊಸಾರಿಯೊ, ಕೊನ್ಸುಯೆಲೊ, ರೆಮೆದಿಯೊಸ್, ಸೊಲೆದಾದ್. ಹಿರಿಯ ಮಗನಿಗೆ ಅಪ್ಪನ ಅಥವಾ ಅಜ್ಜನ ಹೆಸರಿಡುವುದೂ ಸಾಮಾನ್ಯ, ಅಪ್ಪ ಬದುಕಿರುವಾಗಲೇ. ಹೀಗಾಗಿ ಒಂದು ಮನೆಯಲ್ಲಿ ಮೂವರು ಫ್ರಾನ್ಸಿಸ್ಕೊಗಳು, ಒಂದು ಬೀದಿಯಲ್ಲಿ ಹತ್ತು ಮನುಯೆಲ್‌ಗಳು ಇರುವುದು ಅಲ್ಲಿ ವಿಶೇಷವೇ ಅಲ್ಲ. ಹೆಸರು ಒಬ್ಬರ ಸ್ವತ್ತಾಗಿರಲಿಲ್ಲ. ಊರಿನ ಕೆರೆಯ ನೀರಿನಂತೆ ಎಲ್ಲರೂ ತುಂಬಿಕೊಳ್ಳುವಂಥದ್ದಾಗಿತ್ತು.

ಎಲ್ಲರದೂ ಒಂದೇ ಹೆಸರಾದಾಗ ಕರೆಯಲು ಬೇರೆ ಬೇರೆ ರೂಪಗಳು ಬೇಕಾಗುತ್ತವೆ. ಫ್ರಾನ್ಸಿಸ್ಕೊ ಒಬ್ಬನೇ ಪಾಕೊ ಆಗಬಹುದು, ಆಂದಲೂಸಿಯಾದಲ್ಲಿ ಕುರ್ರೊ ಆಗಬಹುದು, ಮೆಕ್ಸಿಕೊದಲ್ಲಿ ಪಾಂಚೊ ಆಗಬಹುದು. ಇಗ್ನಾಸಿಯೊ ನಾಚೊ ಆಗುತ್ತಾನೆ, ಮನುಯೆಲ್ ಮನೋಲೊ, ದೊಲೊರೆಸ್ ಲೋಲಾ, ರೊಸಾರಿಯೊ ಚಾರೊ, ಕೊನ್ಸುಯೆಲೊ ಚೆಲೊ, ಗ್ವಾದಲೂಪೆ ಲೂಪೆ. ಇವುಗಳಲ್ಲಿ ಹೆಚ್ಚಿನವು ಎರಡೇ ಅಕ್ಷರದವು, ಮೊದಲ ಅಕ್ಷರದ ಮೇಲೆ ಒತ್ತು ಬೀಳುವಂಥವು, ಸ್ವರದಲ್ಲಿ ಮುಗಿಯುವಂಥವು. ದೂರದಿಂದ ಕೂಗಿದರೆ ಕೇಳಿಸುತ್ತವೆ, ಕೊನೆಯ ಸ್ವರವನ್ನು ಎಷ್ಟು ಬೇಕಾದರೂ ಎಳೆಯಬಹುದು. ಹೊಲದಲ್ಲಿ ದುಡಿಯುವ ಮಗನನ್ನು ಕರೆಯಲು ಒದಗಿದ ಈ ಗುಣಗಳೇ ನಾಯಿಯನ್ನು ಕರೆಯಲೂ ಒದಗುತ್ತವೆ. ಕನ್ನಡದ ಬಾಯಿಗೆ ಈ ಹೆಸರುಗಳು ಇಷ್ಟು ಸಲೀಸಾಗಿ ಹೊಂದುವುದಕ್ಕೂ ಕಾರಣ ಇದೇ. ನಮ್ಮ ರಾಮು, ಪುಟ್ಟ, ಗೌರಿಗಳೂ ಹೀಗೇ ಸ್ವರದಲ್ಲಿ ಮುಗಿಯುತ್ತವೆ.

ಹಳೆಯ ಸ್ಪೇನಿನಲ್ಲಿ ಪ್ರಾಣಿಗಳಿಗೆಲ್ಲ ಮನುಷ್ಯರ ಹೆಸರಿಡುತ್ತಿದ್ದರೆಂದು ಇದರಿಂದ ತಿಳಿಯಬಾರದು. ಬಣ್ಣ ನೋಡಿ, ಗುಣ ನೋಡಿ, ಹಣೆಯ ಬೊಟ್ಟು ನೋಡಿ ಹೆಸರಿಡುವುದೇ ಹೆಚ್ಚಾಗಿತ್ತು. ದಾಲ್ಚಿನ್ನಿ ಬಣ್ಣದ ನಾಯಿ ಕನೆಲೊ ಆಗುತ್ತಿತ್ತು. ಕಾದಿಸ್ ನಗರದಲ್ಲಿ ಆಸ್ಪತ್ರೆಗೆ ಹೋದ ಒಡೆಯ ಅಲ್ಲೇ ತೀರಿಕೊಂಡ ಮೇಲೂ ವರ್ಷಾನುಗಟ್ಟಲೆ ಆಸ್ಪತ್ರೆಯ ಬಾಗಿಲಲ್ಲಿ ಕಾದು, 2002ರಲ್ಲಿ ಸತ್ತ ನಾಯಿಯ ಹೆಸರೂ ಅದೇ. ಅಮೆರಿಕ ಖಂಡಕ್ಕೆ ದಂಡೆತ್ತಿ ಹೋದವರ ಜೊತೆಗಿದ್ದ ಕ್ರೂರ ಯುದ್ಧನಾಯಿಗಳ ಹೆಸರು ಬೆಸೆರ್ರಿಯೊ, ಲಿಯೊನ್ಸಿಕೊ ಎಂದು ದಾಖಲಾಗಿದೆ: ಪುಟ್ಟ ಕರು, ಪುಟ್ಟ ಸಿಂಹ.

ಸ್ಪೇನಿನ ಹೆಸರಾಂತ ಕಾದಂಬರಿಕಾರ ಸೆರ್ವಾಂಟಿಸ್ ಈ ವಿಷಯದಲ್ಲಿ ಎಷ್ಟು ಸೂಕ್ಷ್ಮವಾಗಿದ್ದ ಎಂಬುದನ್ನು ಇಲ್ಲಿ ಹೇಳಲೇಬೇಕು. ಅವನ ಡಾನ್ ಕ್ವಿಕ್ಸಾಟ್ ತನ್ನ ಬಡಕಲು ಕುದುರೆಗೆ ಹೆಸರು ಹುಡುಕಲು ನಾಲ್ಕು ದಿನ ಯೋಚಿಸುತ್ತಾನೆ. ತನಗೊಂದು ಹೆಸರು ಹುಡುಕಿಕೊಳ್ಳಲು ಎಂಟು ದಿನ. 1613ರಲ್ಲಿ ಪ್ರಕಟವಾದ ಅವನ ನೀಳ್ಗತೆಗಳ ಸಂಗ್ರಹದಲ್ಲಿ ವಯ್ಯಾದೊಲಿದ್ ನಗರದ ಆಸ್ಪತ್ರೆಯೊಂದನ್ನು ಕಾಯುವ ಎರಡು ನಾಯಿಗಳು ಒಂದು ರಾತ್ರಿ ಇದ್ದಕ್ಕಿದ್ದಂತೆ ಮಾತನಾಡಲು ಶುರುಮಾಡುತ್ತವೆ. ಒಂದರ ಹೆಸರು ಸಿಪಿಯೋನ್, ರೋಮಿನ ಸೇನಾಪತಿಯದು. ಇನ್ನೊಂದು ಬೆರ್ಗಾನ್ಸಾ, ಮನುಷ್ಯರ ಮನೆತನದ ಹೆಸರು. ಬೆರ್ಗಾನ್ಸಾ ತನ್ನ ಬಾಳಿನ ಕಥೆ ಹೇಳುತ್ತಾ ಹೋದಂತೆ ಅದಕ್ಕೆ ಬೇರೆ ಬೇರೆ ಒಡೆಯರು ಬೇರೆ ಬೇರೆ ಹೆಸರಿಟ್ಟಿದ್ದರೆಂದು ತಿಳಿಯುತ್ತದೆ. ಸೆವಿಯ್ಯಾದ ಕಸಾಯಿಖಾನೆಯವನು ಗಾವಿಲಾನ್ ಎಂದ, ಕುರುಬರು ಬಾರ್ಸಿನೊ ಎಂದರು. ಒಂದು ಗಿಡುಗದ ಹೆಸರು, ಮತ್ತೊಂದು ಮೈಬಣ್ಣದ್ದು. ತನ್ನ ಗೆಳತಿಯ ಮಗನೇ ನಾಯಿಯಾಗಿದ್ದಾನೆಂದು ಭಾವಿಸುವ ಮುದುಕಿಯೊಬ್ಬಳು ಮಾತ್ರ ಅದನ್ನು ಅಪ್ಪಿಕೊಂಡು ಮೊಂತಿಯೆಲ್ ಎಂದು ಕರೆಯುತ್ತಾಳೆ. ನಾಯಿಯಿಂದ ಯಾರಿಗೆ ಏನು ಬೇಕಾಗಿತ್ತೋ ಅವರಿಟ್ಟ ಹೆಸರಲ್ಲಿ ಅದು ಕಾಣುತ್ತದೆ. ಕೆಲಸ ಬೇಕಾದವರು ಬಣ್ಣದ ಹೆಸರಿಟ್ಟರು, ಸಂಬಂಧ ಬೇಕಾದವಳು ಮನುಷ್ಯರ ಹೆಸರಿಟ್ಟಳು. ನಾನು ಹೇಳಬೇಕಾದ ಮಾತಿನ ತಿರುಳನ್ನು ಆತ ನಾನೂರು ವರ್ಷಗಳ ಹಿಂದೆಯೇ ಕಥೆ ಮಾಡಿಟ್ಟಿದ್ದಾನೆ.

ಒಂದೇ ಹೆಸರಿನ ಇಬ್ಬರು ಸ್ಪ್ಯಾನಿಷ್ ಮಾತನಾಡುವವರ ನಡುವೆ ಪರಸ್ಪರ ತೊಕಾಯೊ ಎಂದು ಕರೆದುಕೊಳ್ಳುತ್ತಾರೆ. ಅಪರಿಚಿತರಾದರೂ ಸರಿ, ಹೆಸರು ಒಂದೇ ಎಂದು ಗೊತ್ತಾದ ಕೂಡಲೇ ಒಂದು ಸಲಿಗೆ ಹುಟ್ಟುತ್ತದೆ. ಹೆಸರಿನ ದಿನವನ್ನು, ಅಂದರೆ ತಮ್ಮ ಸಂತನ ಹಬ್ಬವನ್ನು, ಜೊತೆಯಾಗಿ ಆಚರಿಸುವುದೂ ಉಂಟು. ನಾಯಿಯ ಹೆಸರು ಮನೋಲೊ ಎಂದಾದಾಗ ಆ ಬೀದಿಯ ಮನೋಲೊಗಳಿಗೆಲ್ಲ ಅದು ತೊಕಾಯೊ ಆಗುತ್ತದೆ. ಹೆಚ್ಚಿನವರು ನಕ್ಕು ಅದರ ತಲೆ ಸವರುತ್ತಾರೆ. ಕೆಲವರಿಗೆ ಮನಸ್ಸು ಮುದುಡುತ್ತದೆ. ಉದ್ಯಾನದಲ್ಲಿ "ಮನೋಲೊ, ಕೊಳಕು ತಿನ್ನಬೇಡ!" ಎಂದು ಯಾರೋ ಗದರುವುದನ್ನು ಅದೇ ಹೆಸರಿನ ಹಿರಿಯರೊಬ್ಬರು ಬೆಂಚಿನ ಮೇಲೆ ಕೂತು ಕೇಳಿಸಿಕೊಳ್ಳುವ ಸಂದರ್ಭ ಊಹಿಸಿ. ನಮ್ಮಲ್ಲಿ ಅತ್ತೆಯ ಹೆಸರನ್ನು ಮಗಳಿಗೆ ಇಟ್ಟ ಸೊಸೆ ಆ ಹೆಸರು ಹಿಡಿದು ಮಗುವನ್ನು ಬೈಯಲಾಗದೆ ಪುಟ್ಟಿ ಎಂದೋ ಅಮ್ಮಿ ಎಂದೋ ಬೇರೆ ಹೆಸರಿನಿಂದ ಕರೆಯುತ್ತಿದ್ದ ಮನೆಗಳನ್ನು ಬಲ್ಲವರಿಗೆ ಈ ಮುಜುಗರವನ್ನು ವಿವರಿಸಬೇಕಾಗಿಲ್ಲ.

ಮುದ್ದಿನ ರೂಪದ ಮಹತ್ವ ಇಲ್ಲಿದೆ. ಫ್ರಾನ್ಸಿಸ್ಕೊ ಎಂಬ ಪೂರ್ತಿ ಹೆಸರು ಜ್ಞಾನಸ್ನಾನದ ದಾಖಲೆಯಲ್ಲಿ, ಸರ್ಕಾರಿ ಕಾಗದದಲ್ಲಿ, ಸಮಾಧಿಯ ಕಲ್ಲಿನಲ್ಲಿ ಇರುವಂಥದ್ದು. ಪಾಕೊ ಅಡುಗೆಮನೆಯಲ್ಲಿ, ಅಂಗಳದಲ್ಲಿ, ಬೀದಿಯಲ್ಲಿ ಓಡಾಡುವ ಹೆಸರು. ಮಾರ್ಕಿ ನಾಯಿಗೆ ಫ್ರಾನ್ಸಿಸ್ಕೊ ಎಂದು ಹೆಸರಿಟ್ಟಿದ್ದರೆ ಅದು ಸಂತನ ಹೆಸರನ್ನು ಹಗುರ ಮಾಡಿದಂತಾಗಿ ಜನ ಇರುಸುಮುರುಸು ಪಡುತ್ತಿದ್ದರೇನೋ. ಪಾಕೊ ಎಂದದ್ದರಿಂದ ಆ ನಾಯಿ ಮನೆಯವರು ಮನೆಯವರನ್ನು ಕರೆಯುವ ಬಳಗದೊಳಕ್ಕೆ ಬಂತು. ಈಗಲೂ ಸ್ಪೇನಿನಲ್ಲಿ ಲೋಲಾ ಎಂಬ ಹೆಣ್ಣುನಾಯಿಗಳು ಬೇಕಾದಷ್ಟು ಸಿಗುತ್ತವೆ. ದೊಲೊರೆಸ್ ಎಂಬ ನಾಯಿ ಸಿಗುವುದು ಅಪರೂಪ. ಮೆಕ್ಸಿಕೊದ ಚಿತ್ರಕಲಾವಿದೆ ಫ್ರೀಡಾ ಕಾಲೊ ತನ್ನ ಹದ್ದಿಗೆ ಹೆರ್ತ್ರೂದಿಸ್ ಎಂದು ಪೂರ್ತಿ ಹೆಸರನ್ನೇ ಇಟ್ಟಿದ್ದಳು, ನಾಯಿಯೊಂದನ್ನು 'ಶ್ರೀಮಾನ್' ಎಂಬರ್ಥದ ಪದ ಸೇರಿಸಿ ಸೆನ್ಯೋರ್ ಶೊಲೊಟ್ಲ್ ಎನ್ನುತ್ತಿದ್ದಳು. ಅಂಥ ಧೈರ್ಯ ಎಲ್ಲರದಲ್ಲ.

ಕಾನೂನಿನ ಮಾತನ್ನು ಚಿಕ್ಕದಾಗಿ ಹೇಳುತ್ತೇನೆ. ಸರ್ವಾಧಿಕಾರಿ ಫ್ರಾಂಕೊನ ಆಳ್ವಿಕೆಯಲ್ಲಿ ಮಕ್ಕಳ ಹೆಸರನ್ನು ಕ್ಯಾಸ್ಟಿಲಿಯನ್, ಅಂದರೆ ನಾವು ಸ್ಪ್ಯಾನಿಷ್ ಎನ್ನುವ ಭಾಷೆಯ, ರೂಪದಲ್ಲೇ ಬರೆಸಬೇಕಾಗಿತ್ತು. ಕತಲಾನ್ ಭಾಷೆಯಾಡುವ ಮನೆಯ ಜೋರ್ದಿ ದಾಖಲೆಯಲ್ಲಿ ಹೋರ್ಹೆ ಆಗುತ್ತಿದ್ದ. 1977ರ ಜನವರಿಯ ಕಾನೂನು ಸ್ಪೇನಿನ ಇತರ ಭಾಷೆಗಳ ಹೆಸರುಗಳಿಗೆ ದಾರಿ ಬಿಟ್ಟಿತು. 2011ರ ಕಾನೂನು ಆಯ್ಕೆಯ ಸ್ವಾತಂತ್ರ್ಯವನ್ನೇ ತತ್ವವಾಗಿಸಿದರೂ ವ್ಯಕ್ತಿಯ ಘನತೆಗೆ ಕುಂದು ತರುವ ಹೆಸರನ್ನೂ, ಬದುಕಿರುವ ಒಡಹುಟ್ಟಿದವರ ಹೆಸರನ್ನೇ ಮತ್ತೆ ಇಡುವುದನ್ನೂ ತಡೆಯುತ್ತದೆ. 2016ರಲ್ಲಿ ಮ್ಯಾಡ್ರಿಡ್ ಸಮೀಪದ ಫುಯೆನ್ಲಾಬ್ರಾದಾದಲ್ಲಿ ದಂಪತಿಗಳು ಮಗನಿಗೆ ತೋಳ ಎಂಬರ್ಥದ ಲೋಬೊ ಎಂಬ ಹೆಸರಿಡಲು ಹೋದಾಗ ನೋಂದಣಿ ಕಚೇರಿ ಒಪ್ಪಲಿಲ್ಲ. ಸಹಿ ಸಂಗ್ರಹ ನಡೆದು ದೊಡ್ಡ ಚರ್ಚೆಯಾದ ಮೇಲೆ ಮೇಲಿನ ಅಧಿಕಾರಿಗಳು ಅನುಮತಿ ಕೊಟ್ಟರು. ಮನುಷ್ಯನಿಗೆ ಪ್ರಾಣಿಯ ಹೆಸರಿಡಲು ಇಷ್ಟು ಹೋರಾಟ ಬೇಕಾಯಿತು. ಪ್ರಾಣಿಗೆ ಮನುಷ್ಯನ ಹೆಸರಿಡಲು ಯಾವ ಕಚೇರಿಯ ಒಪ್ಪಿಗೆಯೂ ಬೇಕಾಗಿಲ್ಲ. ಇತ್ತ ಪ್ರಾಣಿಗಳ ಸ್ಥಾನವೇ ಬದಲಾಗುತ್ತಿದೆ: 2021ರ ತಿದ್ದುಪಡಿಯಿಂದ ಸ್ಪೇನಿನ ನಾಗರಿಕ ಸಂಹಿತೆ ಪ್ರಾಣಿಗಳನ್ನು ನೋವು ನಲಿವು ಅರಿಯುವ ಜೀವಿಗಳೆಂದು ಗುರುತಿಸಿದೆ, ಗಂಡ ಹೆಂಡತಿ ಬೇರೆಯಾದಾಗ ಸಾಕುಪ್ರಾಣಿ ಯಾರ ಬಳಿ ಇರಬೇಕೆಂದು ತೀರ್ಮಾನಿಸುವಾಗ ಅದರ ಹಿತವನ್ನೂ ನೋಡಬೇಕಾಗುತ್ತದೆ.

ಕಾನೂನು ಈಗ ಒಪ್ಪಿಕೊಂಡದ್ದನ್ನು ಜನ ಬಹಳ ಹಿಂದೆಯೇ ಒಪ್ಪಿಕೊಂಡಿದ್ದರು. ಜನವರಿ 17 ಪ್ರಾಣಿಗಳ ಪಾಲಕನಾದ ಸಂತ ಅಂತೋನ್‌ನ ಹಬ್ಬ. ಆ ದಿನ ಮ್ಯಾಡ್ರಿಡ್ಡಿನ ಒರ್ತಾಲೆಸಾ ಬೀದಿಯಲ್ಲಿರುವ ಅವನ ಚರ್ಚಿನ ಮುಂದೆ ಉದ್ದದ ಸಾಲು ನಿಲ್ಲುತ್ತದೆ. ಚಳಿಗೆ ಉಣ್ಣೆಯ ಅಂಗಿ ತೊಡಿಸಿದ ನಾಯಿಗಳು, ಬುಟ್ಟಿಯೊಳಗಿನ ಬೆಕ್ಕುಗಳು, ಅಂಗೈಯಲ್ಲಿ ಹಿಡಿದ ಆಮೆ, ಪಂಜರದ ಗಿಳಿ. ಪಾದ್ರಿ ಒಂದೊಂದರ ಮೇಲೂ ತೀರ್ಥ ಚಿಮುಕಿಸುತ್ತಾರೆ. ಮಕ್ಕಳು ತಮ್ಮ ಪ್ರಾಣಿಗೆ ನೀರು ತಾಗಿತೋ ಇಲ್ಲವೋ ಎಂದು ತುಪ್ಪಳ ಮುಟ್ಟಿ ನೋಡುತ್ತಾರೆ. ಆ ದಿನಕ್ಕೆಂದೇ ಮಾಡುವ ಪುಟ್ಟ ರೊಟ್ಟಿಗಳನ್ನು ಕೊಂಡು ಮನೆಗೆ ಒಯ್ಯುತ್ತಾರೆ. ಆಶೀರ್ವಾದ ಪಡೆಯಲು ಬಂದ ಜೀವಿಗೆ ಸಂತರ ಪಟ್ಟಿಯಿಂದ ಬಂದ ಹೆಸರಿದ್ದರೆ ಅದರಲ್ಲಿ ಅಪಚಾರವೇನೂ ಆ ಸಾಲಿನಲ್ಲಿ ನಿಂತವರಿಗೆ ಕಾಣುವುದಿಲ್ಲ.

ಇನ್ನೊಂದು ವಿಷಯ ನನಗೆ ಬಹಳ ಮುಖ್ಯವೆನಿಸುತ್ತದೆ. ಸ್ಪೇನಿನ ರಾಷ್ಟ್ರೀಯ ಅಂಕಿಅಂಶ ಸಂಸ್ಥೆ ಪ್ರತಿಯೊಂದು ಹೆಸರನ್ನು ಎಷ್ಟು ಜನ ಹೊತ್ತಿದ್ದಾರೆ, ಅವರ ಸರಾಸರಿ ವಯಸ್ಸೆಷ್ಟು ಎಂದು ಪ್ರಕಟಿಸುತ್ತದೆ. ಅಂತೋನಿಯೊ, ಮರಿಯಾ ಕಾರ್ಮೆನ್‌ಗಳು ಇನ್ನೂ ಲಕ್ಷಗಟ್ಟಲೆ ಇದ್ದಾರೆ. ಆದರೆ ಈಗ ಹುಟ್ಟುವ ಮಕ್ಕಳು ಊಗೊ, ಮತೆಯೊ, ಲುಸಿಯಾ, ಮಾರ್ತಿನಾ ಆಗುತ್ತಿದ್ದಾರೆ. ಹಳ್ಳಿಯ ಪಂಚಾಂಗದಿಂದ ಬಂದ ಎಷ್ಟೋ ಹೆಸರುಗಳು ವೃದ್ಧರಲ್ಲಿ ಮಾತ್ರ ಉಳಿದಿವೆ, ಅವರೊಂದಿಗೇ ಮುಗಿಯುತ್ತವೆ. ಇಂಥ ಹೊತ್ತಿನಲ್ಲಿ ಯುವಕನೊಬ್ಬ ಆಶ್ರಯಧಾಮದಿಂದ ತಂದ ನಾಯಿಗೆ ರಮೋನಾ ಎಂದೋ ಪಾಕಾ ಎಂದೋ ಹೆಸರಿಟ್ಟರೆ, ಹೆಸರು ಕೀಳಾಯಿತು ಎಂದು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಯಾರೂ ಬಾಯಿಬಿಟ್ಟು ಕರೆಯದ ಹೆಸರು ದಿನಕ್ಕೆ ಹತ್ತು ಸಲ ಪ್ರೀತಿಯಿಂದ ಕರೆಸಿಕೊಳ್ಳುತ್ತದೆ. ಅದು ಸಣ್ಣ ಸಂಗತಿಯಲ್ಲ.

ಹೆಸರು ಆರಿಸುವವರಿಗೆ ಕೆಲವು ಎಚ್ಚರಿಕೆಗಳನ್ನು ಮಾತ್ರ ಹೇಳುತ್ತೇನೆ. ಕೊಂಚಾ ಸ್ಪೇನಿನಲ್ಲಿ ಮರ್ಯಾದೆಯ ಹೆಸರು, ಅರ್ಜೆಂಟಿನಾದ ಬೀದಿಯಲ್ಲಿ ಅದನ್ನು ಕೂಗಿದರೆ ಹೊಲಸು ಮಾತಾಗುತ್ತದೆ. ಏಸುವಿನ ಹೆಸರಾದ ಹೆಸೂಸ್ ಮನುಷ್ಯರಿಗೆ ಸರ್ವೇಸಾಮಾನ್ಯ, ನಾಯಿಗೆ ಇಟ್ಟರೆ ನೋವಾಗುತ್ತದೆ. ನಾಯಿಗೆ ಸ್ಪ್ಯಾನಿಷ್‌ನಲ್ಲೇ ಪಾಠ ಕಲಿಸುವವರಾದರೆ ಕಿಕೆ ಎಂಬ ಹೆಸರೂ 'ಸುಮ್ಮನಿರು' ಎನ್ನುವ ಕಿಯೆತೊ ಎಂಬ ಆಜ್ಞೆಯೂ ಒಂದೇ ದನಿಯಲ್ಲಿ ಶುರುವಾಗುತ್ತವೆ ಎಂಬುದನ್ನು ನೆನಪಿಡಬೇಕು.

ಇನ್ನು ನಿಮ್ಮ ಪ್ರಶ್ನೆಗೆ ಬರುತ್ತೇನೆ: ಬೆಂಗಳೂರಿನ ನಾಯಿಗೆ ಪಾಕೊ ಎಂದು ಹೆಸರಿಡಬಹುದೇ? ಖಂಡಿತ ಇಡಬಹುದು. ಆದರೆ ಟಾಮಿ, ಜಿಮ್ಮಿಗಳ ಕಥೆ ನೆನಪಿರಲಿ. ಅವೂ ಥಾಮಸ್, ಜೇಮ್ಸ್ ಎಂಬ ಮನುಷ್ಯರ ಹೆಸರುಗಳ ಮುದ್ದಿನ ರೂಪಗಳೇ. ಇಲ್ಲಿಗೆ ಬಂದ ಮೇಲೆ ನಾಯಿಯ ಹೆಸರುಗಳಾಗಿ ಮಾತ್ರ ಉಳಿದವು, ಅವುಗಳ ಹಿಂದೆ ಒಬ್ಬ ಮನುಷ್ಯನಿದ್ದಾನೆಂದು ನಮ್ಮ ಹಳ್ಳಿಯಲ್ಲಿ ಯಾರಿಗೂ ಅನಿಸುವುದಿಲ್ಲ. ಮಲ್ಲೇಶ್ವರದಲ್ಲಿ ಇನ್ನೊಬ್ಬ ಪಾಕೊ ಇಲ್ಲ. ತನ್ನ ಹೆಸರಿನ ನಾಯಿ ಎಂದು ನಕ್ಕು ತಲೆ ಸವರುವ ಮುದುಕನೂ ಇಲ್ಲ. ಸದ್ದು ಬರುತ್ತದೆ, ಬಳಗ ಬರುವುದಿಲ್ಲ. ಮ್ಯಾಡ್ರಿಡ್ಡಿನಲ್ಲೋ ಮೆಕ್ಸಿಕೊದಲ್ಲೋ ನೆಲೆಸಿದ ಕನ್ನಡಿಗರ ಮಾತು ಬೇರೆ. ಅವರ ನಾಯಿ ಪಾಕೊ ಆದರೆ ನೆರೆಮನೆಯ ಪಾಕೊ ಮಾತನಾಡಿಸಲು ಬಂದೇ ಬರುತ್ತಾನೆ.

ಹಾಗಾದರೆ ನಾಯಿಗೆ ನಮ್ಮವೇ ಹಳೆಯ ಹೆಸರುಗಳನ್ನು ಇಡೋಣ ಎಂದು ನಿಮ್ಮಲ್ಲೊಬ್ಬರು ಹೇಳಿದರು. ನಮ್ಮ ಹಸುಗಳು ಗಂಗೆ, ಗೌರಿ, ಲಕ್ಷ್ಮಿಯರಾಗಿವೆ, ದಸರಾ ಆನೆಗಳು ಅರ್ಜುನ, ಅಭಿಮನ್ಯುಗಳಾಗಿವೆ. ಅಲ್ಲಿ ಹೆಸರು ಗೌರವವನ್ನು ಹೊತ್ತು ತರುತ್ತದೆ. ನಾಯಿಯ ವಿಷಯ ಹಾಗಿಲ್ಲ, ಏಕೆಂದರೆ ನಮ್ಮಲ್ಲಿ ನಾಯಿ ಎಂಬುದು ಬೈಗುಳವೂ ಹೌದು. ಕರಿಯ, ಕೆಂಚ, ಕಾಳ ಎಂಬ ಹೆಸರುಗಳನ್ನು ನಾಯಿಗಳಿಗೆ ಸಲೀಸಾಗಿ ಇಡುತ್ತೇವೆ. ಅವೇ ಹೆಸರುಗಳನ್ನು ಹೊತ್ತು, ಊರಿನವರಿಂದ ಏಕವಚನದಲ್ಲಿ ಕರೆಸಿಕೊಂಡು ದುಡಿದ ಹಿರಿಯರು ಎಷ್ಟೋ ಮನೆಗಳಲ್ಲಿದ್ದರು, ಈಗಲೂ ಇದ್ದಾರೆ. ಮಾರ್ಕಿಯೊಬ್ಬ ಬೀದಿನಾಯಿಗೆ ಪಾಕೊ ಎಂದಾಗ ಅದು ಮಾರ್ಕಿಯ ನೆಂಟನ ಹೆಸರೂ ಆಗಿರಬಹುದಿತ್ತು, ಮಾಣಿಯ ಹೆಸರೂ ಆಗಿರಬಹುದಿತ್ತು. ಎಲ್ಲ ಅಂತಸ್ತಿನವರೂ ಹಂಚಿಕೊಂಡ ಹೆಸರಾದ್ದರಿಂದ ಅದು ಯಾರೊಬ್ಬರಿಗೂ ಚುಚ್ಚಲಿಲ್ಲ. ಕನ್ನಡದಲ್ಲಿ ಅಂಥ ಹೆಸರು ಹುಡುಕುವವರು ಮೊದಲು ತಮ್ಮ ಮನೆಯೊಳಗೇ, ತಮ್ಮ ಅಜ್ಜ ಮುತ್ತಜ್ಜಂದಿರ ಕರೆಹೆಸರುಗಳಲ್ಲೇ ಹುಡುಕಲಿ, ಮನೆಯ ಹಿರಿಯರನ್ನು ಕೇಳಿ ಒಪ್ಪಿಗೆ ಪಡೆದು ಇಡಲಿ.